ಉದುರಿದ ಮುಡಿ ಮತ್ತೆ ಬೆಳೆಯುತ್ತದೆ



ಅರ್ಬುದ ರೋಗವೆಂದರೆ ಮರಣವೇ ಎಂದು ನಮ್ಮ ಹಿರಿಯರು ತಿಳಿದಿದ್ದ ಕಾಲವೊಂದಿತ್ತು. ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲು ಸಹ ಮನೆಯವರು ಅಂಜುತ್ತಿದ್ದರು. ಈಗ ಸ್ಥಿತಿ ಬದಲಾಗಿದೆ. ಸೈದಾಪುರದಂತಹ ಊರಿನವರೂ ರೈಲು ಹತ್ತಿ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರಕ್ಕೆ ಹೋಗಿ ಬರುತ್ತಾರೆ. ಇನ್ನು ಕೆಲವರು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ, 1941ರಿಂದ ನಡೆದು ಬಂದಿರುವ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ, ಇಲ್ಲವೆ ಹೈದರಾಬಾದು, ಬಾರ್ಶಿಗಳಿಗೆ ಹೋಗುತ್ತಾರೆ. ಚಿಕಿತ್ಸೆ ಮುಗಿಸಿ ಬಂದು ಹೊಲ, ಮನೆ, ಅಂಗಡಿಗಳನ್ನು ನೋಡಿಕೊಂಡು ಹೋಗುವವರು ನಮ್ಮ ನಡುವೆಯೇ ಇದ್ದಾರೆ.

ಆದರೆ ಕೀಮೋಥೆರಪಿ ಪಡೆದು ಬಂದ ತಾಯಂದಿರನ್ನು ಸಮೀಪ ಕುಳಿತು ಮಾತನಾಡಿಸಿದರೆ ಒಂದು ಸಂಗತಿ ತಿಳಿಯುತ್ತದೆ. ವಾಂತಿಯನ್ನು ಸಹಿಸಿಕೊಂಡೆವು, ಸುಸ್ತನ್ನು ಸಹಿಸಿಕೊಂಡೆವು, ಬಾಚಣಿಗೆಯ ತುಂಬ ಬಂದ ಕೂದಲನ್ನು ಕಂಡ ದಿನ ಮಾತ್ರ ಧೈರ್ಯ ಕುಸಿಯಿತು ಎಂದು ಅವರು ಹೇಳುತ್ತಾರೆ. ರೋಗವು ದೇಹದ ಒಳಗೆ ಅಡಗಿರುತ್ತದೆ; ಬೋಳಾದ ತಲೆಯೋ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಈ ಸಂಕೋಚಕ್ಕೆ ಒಳಗಾಗಿ ಚಿಕಿತ್ಸೆಯನ್ನೇ ಮುಂದೂಡುವವರು, ನಡುವೆಯೇ ಬಿಟ್ಟುಬಿಡುವವರು ಉಂಟು. ಆದುದರಿಂದ ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಈ ತಿಂಗಳು ಇದನ್ನು ಕುರಿತೇ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕೂದಲು ಏಕೆ ಉದುರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಯಾವಾಗಲೂ ಬೆಳೆಯುತ್ತಲೇ ಇರುತ್ತವೆ. ಬೆಳೆಯುವ ಕೂದಲಿನ ಬುಡದಲ್ಲಿರುವ ಜೀವಕೋಶಗಳು ಬಹು ವೇಗವಾಗಿ ಇಮ್ಮಡಿಯಾಗುತ್ತವೆ. ಕ್ಯಾನ್ಸರಿನ ಕೋಶಗಳ ಸ್ವಭಾವವೂ ಅದೇ. ವೇಗವಾಗಿ ಬೆಳೆಯುವ ಕೋಶಗಳನ್ನು ಹುಡುಕಿ ಹೊಡೆಯುವ ಔಷಧಕ್ಕೆ ಇದು ರೋಗದ ಕೋಶ, ಇದು ಕೂದಲಿನ ಕೋಶ ಎಂಬ ಭೇದ ತಿಳಿಯುವುದಿಲ್ಲ. ಕಳೆ ಕೀಳುವಾಗ ಪೈರಿನ ನಾಲ್ಕು ಎಲೆಯೂ ಕೈಗೆ ಬರುವಂತೆ ರೋಗದೊಡನೆ ಕೂದಲಿಗೂ ಪೆಟ್ಟು ಬೀಳುತ್ತದೆ. ಆದರೆ ಕೂದಲಿನ ಬುಡಕ್ಕಿಂತ ಸ್ವಲ್ಪ ಮೇಲೆ, ಚರ್ಮದ ಒಳಗೆ, ನಿಧಾನವಾಗಿ ಬೆಳೆಯುವ ಮೂಲಕೋಶಗಳಿವೆ. ಅವು ಸಾಮಾನ್ಯವಾಗಿ ಈ ಪೆಟ್ಟಿನಿಂದ ಉಳಿದುಕೊಳ್ಳುತ್ತವೆ. ಪೈರು ಬಾಡಿದರೂ ಬೇರು ಸಾಯುವುದಿಲ್ಲ. ಕೂದಲು ಮರಳಿ ಬರುವುದು ಈ ಕಾರಣದಿಂದಲೇ.

ಎಲ್ಲ ಔಷಧಗಳಿಂದಲೂ ಕೂದಲು ಉದುರುತ್ತದೆಂದು ತಿಳಿಯಬಾರದು. ಸ್ತನ ಕ್ಯಾನ್ಸರಿಗೆ ಹೆಚ್ಚಾಗಿ ಕೊಡುವ ಡಾಕ್ಸೋರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಮೊದಲಾದವುಗಳಿಂದ ಬಹುತೇಕ ಪೂರ್ತಿ ಕೂದಲು ಹೋಗುತ್ತದೆ. ಸಿಸ್ಪ್ಲಾಟಿನ್, ಫ್ಲೋರೋಯುರಾಸಿಲ್ ಮೊದಲಾದವುಗಳನ್ನು ಒಂಟಿಯಾಗಿ ಕೊಟ್ಟಾಗ ಸ್ವಲ್ಪ ತೆಳುವಾಗಬಹುದು ಅಷ್ಟೆ. ತಮಗೆ ಕೊಡುವ ಔಷಧ ಯಾವುದು, ಅದರಿಂದ ಏನಾಗುವುದು ಎಂಬುದನ್ನು ವೈದ್ಯರನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕೂದಲು ಉದುರಿದರೆ ಮಾತ್ರ ಔಷಧ ಹತ್ತಿತು, ಉದುರದಿದ್ದರೆ ಹತ್ತಲಿಲ್ಲ ಎಂದು ಕೆಲವರು ಭಾವಿಸುತ್ತಾರೆ. ಇದು ನಿಜವಲ್ಲ. ಔಷಧದ ಗುಣವನ್ನು ಅಳೆಯುವುದು ಪರೀಕ್ಷೆಗಳಿಂದಲೇ ಹೊರತು ಬಾಚಣಿಗೆಯಿಂದಲ್ಲ.

ಮೊದಲ ಸಲ ಔಷಧ ಹಾಕಿಸಿಕೊಂಡ ಎರಡು ಮೂರು ವಾರಗಳಲ್ಲಿ ಕೂದಲು ಉದುರಲು ಆರಂಭವಾಗುತ್ತದೆ. ತಲೆಯ ಚರ್ಮ ಮುಟ್ಟಿದರೆ ನೋಯುತ್ತದೆ. ಸ್ನಾನದ ನೀರಿನಲ್ಲಿ, ತಲೆದಿಂಬಿನ ಮೇಲೆ, ಕೊನೆಗೆ ಕೈಯಾಡಿಸಿದಲ್ಲೆಲ್ಲ ಕೂದಲು ಕಿತ್ತು ಬರುತ್ತದೆ. ಹುಬ್ಬು, ರೆಪ್ಪೆಗಳೂ ತೆಳುವಾಗಬಹುದು. ಹೀಗಾಗುವುದೆಂದು ಮೊದಲೇ ತಿಳಿದವರಿಗೆ ದುಃಖವಾದರೂ ಭಯವಾಗುವುದಿಲ್ಲ.

ಇಷ್ಟು ವೈದ್ಯರ ಮಾತಾಯಿತು. ಇನ್ನು ನಮ್ಮ ಕಣ್ಣುಗಳ ಮಾತು. ಮಗುವಿಗೆ ಜವಳ ತೆಗೆಸಿದಾಗ ಸಂಭ್ರಮಪಡುತ್ತೇವೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರನ್ನು ಗೌರವದಿಂದ ಕಾಣುತ್ತೇವೆ. ಅದೇ ಬೋಳು ತಲೆ ರೋಗದಿಂದ ಬಂದಾಗ ಮಾತ್ರ ಎದುರಿಗೆ ಬಂದರೆ ಅಪಶಕುನವೆಂದು ಮುಖ ತಿರುಗಿಸುತ್ತೇವೆ. ಹಿಂದೆ ಕೆಲವು ಸಮುದಾಯಗಳಲ್ಲಿ ಗಂಡ ಸತ್ತವಳ ಕೇಶವನ್ನು ಬಲವಂತವಾಗಿ ತೆಗೆಸುವ ಕ್ರೂರ ಪದ್ಧತಿಯಿತ್ತು. ಪದ್ಧತಿ ಹೋದರೂ ಅದರಿಂದ ಹುಟ್ಟಿದ ಬೈಗುಳ ಇಂದಿಗೂ ನಾಲಗೆಯ ಮೇಲೆ ಉಳಿದಿದೆ. ಅದರ ನೆರಳು ಕ್ಯಾನ್ಸರಿನೊಡನೆ ಹೋರಾಡುತ್ತಿರುವ ಮುತ್ತೈದೆಯ ಮೇಲೂ ಬೀಳುತ್ತದೆ.

ನಮ್ಮ ಕಡೆಯ ಒಬ್ಬ ತಾಯಿಯ ಸಂಗತಿಯನ್ನು ಹೇಳುತ್ತೇನೆ, ಹೆಸರು ಬೇಡ. ಸ್ತನದ ಗಂಟಿಗೆ ಎರಡು ಸಲ ಔಷಧ ಹಾಕಿಸಿಕೊಂಡಿದ್ದ ಆಕೆ ಮೂರನೆಯ ಸಲ ಹೋಗಲು ಒಪ್ಪಲಿಲ್ಲ. ತಮ್ಮನ ಮಗಳ ಮದುವೆ ಸಮೀಪಿಸಿತ್ತು. ಔಷಧ ಬಿಟ್ಟರೆ ಅಷ್ಟರೊಳಗೆ ನಾಲ್ಕು ಕೂದಲಾದರೂ ಬಂದಾವು ಎಂಬ ಆಸೆ. ತಡಮಾಡುವಂತಿಲ್ಲವೆಂದು ವೈದ್ಯರು ಎಚ್ಚರಿಸಿದ್ದರು. ಗಂಡ ಹೇಳಿ ಸೋತ, ಮಕ್ಕಳು ಹೇಳಿ ಸೋತರು. ಕೊನೆಗೆ ಹಿರಿಯ ನೆಗೆಣ್ಣಿ ಬಂದು ಕುಳಿತು ಕಾರಣ ಕೇಳಿದಾಗ ಆಕೆ ಅತ್ತು ಹೇಳಿದ್ದು ಇಷ್ಟೇ: "ಅಕ್ಕಾ, ಉಡಿ ತುಂಬೋರು ಹೂವ ಕೊಟ್ರ ಎಲ್ಲಿ ಮುಡಕೊಳ್ಳಲಿ?"

"ಸೆರಗಿಗೆ ನಾ ಮುಡಸ್ತೀನಿ. ನೀ ಮೊದಲ ದವಾಖಾನಿಗೆ ನಡಿ" ಎಂದಳು ಆ ಹಿರಿಯಳು.

ಮೂರನೆಯ ಔಷಧವೂ ಆಯಿತು, ಮದುವೆಗೆ ಹೋದದ್ದೂ ಆಯಿತು. ಹಂದರದಲ್ಲಿ ಹಿಂದೆ ಸರಿದು ಕುಳಿತವಳನ್ನು ಕೈಹಿಡಿದು ಮುಂದೆ ಕರೆತಂದು, ಅಕ್ಕಿ, ಕೊಬ್ಬರಿ, ಅಡಿಕೆ, ಕುಪ್ಪಸದ ಕಣಗಳಿಂದ ಆಕೆಯ ಉಡಿಯನ್ನೇ ಮೊದಲು ತುಂಬಿ, ಮಲ್ಲಿಗೆಯ ದಂಡೆಯನ್ನು ತಲೆಯ ಮೇಲಿನ ಸೆರಗಿಗೆ ಪಿನ್ನಿನಿಂದ ಸಿಕ್ಕಿಸಿದಳು ನೆಗೆಣ್ಣಿ. ಅನಂತರ ಯಾರೂ ಏನೂ ಅನ್ನಲಿಲ್ಲ. ವೈದ್ಯರ ಔಷಧ ಮಾಡಲಾರದ ಕೆಲಸವೊಂದನ್ನು ಮನೆಯ ಹೆಣ್ಣುಮಗಳೊಬ್ಬಳು ಮಾಡಿದಳು. ಪ್ರತಿ ಮನೆಯಲ್ಲಿಯೂ ಇಂತಹ ಒಬ್ಬರು ಬೇಕು.

ಶರಣರ ದಾರಿಯಲ್ಲಿ ನಡೆಯುವೆವೆಂದು ಹೇಳಿಕೊಳ್ಳುವ ನಮಗಂತೂ ಇದು ಹೊಸ ಪಾಠವಾಗಬಾರದು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅವರು ತಳ್ಳಿಹಾಕಿದರು. ಹಾಗಿರುವಾಗ ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವುದು, ಮಕ್ಕಳನ್ನು ಹತ್ತಿರ ಬಿಡದಿರುವುದು ಯಾವ ಧರ್ಮ? ಕ್ಯಾನ್ಸರು ಒಬ್ಬರಿಂದ ಒಬ್ಬರಿಗೆ ಊಟ, ಬಟ್ಟೆ, ಸ್ಪರ್ಶಗಳಿಂದ ಅಂಟುವ ರೋಗವಲ್ಲ. ಅಕ್ಕಮಹಾದೇವಿಯ ಚಿತ್ರ ನಮ್ಮ ಅನೇಕ ಮನೆಗಳ ಗೋಡೆಯ ಮೇಲಿದೆ. ನೀಳ ಕೇಶವನ್ನೇ ಉಡುಗೆಯಾಗಿಸಿಕೊಂಡು ಆಕೆ ಕಲ್ಯಾಣಕ್ಕೆ ಬಂದಳು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಆ ಕೂದಲಿನ ಮರೆಯನ್ನು ಕುರಿತೇ ಆಕೆಯನ್ನು ಪ್ರಶ್ನಿಸುವ ಪ್ರಸಂಗವಿದೆ. ಶರಣರು ಕೊನೆಗೆ ತಲೆಬಾಗಿದ್ದು ಆಕೆಯ ಕೇಶಕ್ಕಲ್ಲ, ಅರಿವಿಗೆ. ಇದನ್ನು ನೆನೆದರೆ ಸಾಕು.

ಲಿಂಗಪೂಜೆಯ ವಿಷಯದಲ್ಲಿಯೂ ಕೆಲವರಿಗೆ ಅಳುಕಿರುತ್ತದೆ. ತಲೆಗೆ ಸ್ನಾನ ಮಾಡಲಾರದ ದಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ವಿಭೂತಿ ಧರಿಸಿ, ಹಾಸಿಗೆಯ ಬಳಿಯೇ ಕುಳಿತು ಪೂಜಿಸಿಕೊಳ್ಳಬಹುದು. ಕರಸ್ಥಲದ ಲಿಂಗಕ್ಕೆ ಕೂದಲಿನ ಹಂಗಿಲ್ಲ.

ಇನ್ನು ಆರೈಕೆಯ ಮಾತು. ಔಷಧ ಆರಂಭವಾಗುವ ಮೊದಲೇ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರೆ ಉದುರುವಾಗಿನ ಸಂಕಟ ಕಡಿಮೆಯಾಗುತ್ತದೆ. ಪೂರ್ತಿ ತೆಗೆಸುವುದಾದರೆ ಬ್ಲೇಡು, ಕತ್ತಿಗಳು ಬೇಡ, ಯಂತ್ರದಿಂದ ತೆಗೆಸಬೇಕು. ಔಷಧ ಹಾಕಿದ ಒಂದೆರಡು ವಾರಗಳಲ್ಲಿ ರಕ್ತದ ಬಿಳಿಕಣಗಳು ಇಳಿದಿರುವುದರಿಂದ ಸಣ್ಣ ಗಾಯವೂ ಕೀವಾಗಬಹುದು. ಇದೇ ಅವಧಿಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ ಬಂದರೆ ಮನೆಯಲ್ಲಿ ಗುಳಿಗೆ ನುಂಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೂದಲು ಹೋದರೆ ಬರುತ್ತದೆ. ಈ ಜ್ವರವನ್ನು ಅಲಕ್ಷಿಸಿದರೆ ಜೀವಕ್ಕೇ ಅಪಾಯ.

ತಲೆಯನ್ನು ಸೌಮ್ಯವಾದ ಸಾಬೂನು ಇಲ್ಲವೆ ಶಾಂಪೂವಿನಿಂದ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಗಾಯವಿಲ್ಲದ ಚರ್ಮಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಬಹುದು. ಈರುಳ್ಳಿ ರಸ, ಸೊಪ್ಪಿನ ರಸ, ಯಾರೋ ಹೇಳಿದ ಲೇಪಗಳನ್ನು ಎಳೆಯ ಚರ್ಮಕ್ಕೆ ತಿಕ್ಕಬಾರದು. ಕೂದಲು ಬರಿಸುತ್ತೇವೆಂದು ಮಾರುವ ಪುಡಿ, ಕಷಾಯಗಳನ್ನು ವೈದ್ಯರನ್ನು ಕೇಳದೆ ಹೊಟ್ಟೆಗೆ ತೆಗೆದುಕೊಳ್ಳಬಾರದು. ಅವು ಚಿಕಿತ್ಸೆಯ ಔಷಧದೊಡನೆ ಸೇರಿ ಕೇಡು ಮಾಡಬಲ್ಲವು. ಯಾದಗಿರಿ, ರಾಯಚೂರುಗಳ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬರಿದಾದ ತಲೆಯನ್ನು ಮೆತ್ತನೆಯ ಹತ್ತಿಯ ಬಟ್ಟೆಯಿಂದ ಮುಚ್ಚಿಕೊಂಡೇ ಹೊರಗೆ ಹೋಗಬೇಕು. ಈ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ಹೆಣ್ಣುಮಕ್ಕಳಿಗೆ ತಲೆಯ ಮೇಲೆ ಸೆರಗು, ಗಂಡಸರಿಗೆ ರುಮಾಲು ಹೊಸತಲ್ಲ. ಬೇಕೆನಿಸಿದವರು ವಿಗ್ ಎನ್ನುವ ಕೃತಕ ಕೇಶವನ್ನು ಧರಿಸಲಿ, ಬೇಡವೆನಿಸಿದವರು ಹಾಗೆಯೇ ಇರಲಿ. ಅದು ಅವರವರ ಇಷ್ಟ.

ಈಚಿನ ವರ್ಷಗಳಲ್ಲಿ ಔಷಧ ಹಾಕುವಾಗ ತಲೆಗೆ ತಂಪಾದ ಟೊಪ್ಪಿಗೆ ತೊಡಿಸಿ ಕೂದಲು ಉಳಿಸುವ ಯಂತ್ರ ಬಂದಿದೆ. ಅಮೆರಿಕದಲ್ಲಿ ಇದಕ್ಕೆ 2015ರಲ್ಲಿ ಅನುಮತಿ ದೊರೆಯಿತು. ಸ್ತನ ಕ್ಯಾನ್ಸರಿನ ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೂದಲು ಬಹುಮಟ್ಟಿಗೆ ಉಳಿಯಿತು. ಇದು ಎಲ್ಲೆಡೆಯೂ ಸಿಗುವುದಿಲ್ಲ. ರಕ್ತದ ಕ್ಯಾನ್ಸರಿನವರಿಗೆ ಸಲ್ಲುವುದೂ ಇಲ್ಲ. ಇದಕ್ಕಾಗಿ ಸಾಲ ಮಾಡಬೇಕಾಗಿಲ್ಲ, ಕಾಯಬೇಕಾಗಿಯೂ ಇಲ್ಲ.

ಕೂದಲು ಯಾವಾಗ ಬರುತ್ತದೆ? ಕೊನೆಯ ಔಷಧ ಮುಗಿದ ಮೂರು ನಾಲ್ಕು ವಾರಗಳಿಗೆ ಎಳೆಗೂಸಿನ ತಲೆಯಂತೆ ನವಿರಾದ ತುಪ್ಪಳ ಕಾಣಿಸುತ್ತದೆ. ಬಳಿಕ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತ ಆರು ತಿಂಗಳಲ್ಲಿ ತಲೆ ಮುಚ್ಚುತ್ತದೆ. ಹೊಸ ಕೂದಲು ಗುಂಗುರಾಗಿಯೋ ಬೇರೆ ಬಣ್ಣದ್ದಾಗಿಯೋ ಬಂದರೆ ಗಾಬರಿ ಬೇಡ. ಎಷ್ಟೋ ಜನರಿಗೆ ಬರಬರುತ್ತ ಮೊದಲಿನಂತಾಗುತ್ತದೆ. ಮೊದಲ ಆರು ತಿಂಗಳು ಬಣ್ಣ ಹಚ್ಚುವುದು, ಬಿಗಿಯಾಗಿ ಹೆಣೆಯುವುದು ಬೇಡ. ಸತ್ಯವನ್ನು ಮುಚ್ಚಿಡಬಾರದು: ಕೆಲವರಿಗೆ, ವಿಶೇಷವಾಗಿ ಡೋಸಿಟ್ಯಾಕ್ಸೆಲ್ ಪಡೆದವರಲ್ಲಿ ಕೆಲವರಿಗೆ, ಕೂದಲು ಮೊದಲಿನಷ್ಟು ದಟ್ಟವಾಗಿ ಬರುವುದಿಲ್ಲ. ಜನರು ಕರೆಂಟು ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆಯನ್ನು ತಲೆಗೇ ಕೊಟ್ಟಿದ್ದರೆ ಆ ಭಾಗದಲ್ಲಿ ಬಾರದೆಯೂ ಇರಬಹುದು. ಬಹುಮಂದಿಗೆ ಮಾತ್ರ ಬಂದೇ ಬರುತ್ತದೆ.

ಇದನ್ನು ದಾಟಿ ಬಂದವರ ಉದಾಹರಣೆಗಳೂ ಕಣ್ಣೆದುರಿಗಿವೆ. ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ 2012ರಲ್ಲಿ ಕೀಮೋಥೆರಪಿ ಪಡೆದು ಬೋಳುತಲೆಯ ತಮ್ಮ ಚಿತ್ರವನ್ನು ತಾವೇ ಜನರಿಗೆ ತೋರಿಸಿದರು; ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತದ ತಂಡಕ್ಕೆ ಮರಳಿ ಆಡಿದರು. ನಟಿ ಸೋನಾಲಿ ಬೇಂದ್ರೆ 2018ರಲ್ಲಿ ಅದೇ ದಾರಿಯಲ್ಲಿ ನಡೆದರು. ನಮ್ಮ ಕನ್ನಡದಲ್ಲಿಯೇ ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕವಾಗಿ ಬರೆದಿದ್ದಾರೆ. ಓದಬಲ್ಲ ಹೆಣ್ಣುಮಕ್ಕಳು ಅದನ್ನು ಓದಲಿ, ಓದಲಾರದವರಿಗೆ ಮಕ್ಕಳು ಓದಿ ಹೇಳಲಿ.

ಮನೆಯವರಲ್ಲಿ ಒಂದು ವಿನಂತಿ. ಚಿಕ್ಕ ಮಕ್ಕಳಿಗೆ ಸಂಗತಿಯನ್ನು ಮೊದಲೇ ತಿಳಿಸಿರಿ. ಔಷಧದಿಂದ ಅವ್ವನ ಕೂದಲು ಹೋಗುತ್ತದೆ, ಮತ್ತೆ ಬರುತ್ತದೆ ಎಂದರೆ ಅವು ನಮಗಿಂತ ಬೇಗ ಒಪ್ಪಿಕೊಳ್ಳುತ್ತವೆ. ರೋಗಿ ಮಗುವಾಗಿದ್ದರೆ ಶಾಲೆಯ ಗುರುಗಳಿಗೆ ಹೇಳಿ, ಉಳಿದ ಮಕ್ಕಳು ನಗದಂತೆ ನೋಡಿಕೊಳ್ಳಿರಿ. ನೋಡಲು ಬಂದ ನೆಂಟರು "ಎಂಥಾ ಕೂದಲಿತ್ತು, ಹೀಗಾಯಿತಲ್ಲ" ಎಂದು ಮರುಗತೊಡಗಿದರೆ ಮಾತು ಬದಲಿಸಿರಿ. ಅಳಬೇಕೆನಿಸಿದಾಗ ಆಕೆಯನ್ನು ಅಳಲು ಬಿಡಿರಿ, ಹೋದದ್ದು ಆಕೆಯದೇ. ಆದರೆ ಮುಂದಿನ ಔಷಧದ ದಿನಾಂಕವನ್ನು ಮನೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟು, ಅಂದು ಆಕೆಯೊಡನೆ ರೈಲು ಹತ್ತುವವರು ಯಾರೆಂಬುದನ್ನು ಹಿಂದಿನ ದಿನವೇ ನಿಶ್ಚಯಿಸಿರಿ.