ನೀತಿ ರೂಪಿಸುವವರಿಗೆ ಪಾಠ ಹೇಳುವವರು ಯಾರು?

ಬಸ್ಸು ಓಡಿಸಬೇಕಾದರೆ ಲೈಸನ್ಸ್ ಬೇಕು. ಶಾಲೆಯಲ್ಲಿ ಪಾಠ ಮಾಡಬೇಕಾದರೆ ಡಿ.ಎಡ್., ಬಿ.ಎಡ್. ಬೇಕು. ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಅಲಿಫ್, ಬಾ ಹೇಳಿಕೊಡುವ ನಮ್ಮಂಥವರಿಗೂ ತರಬೇತಿ ಉಂಟು. ಆದರೆ ಯಾವ ಊರಿಗೆ ಯಾವ ಕಾರ್ಖಾನೆ ಬರಬೇಕು, ಯಾವ ಕಸುಬಿನ ಮೇಲೆ ಎಷ್ಟು ತೆರಿಗೆ ಬೀಳಬೇಕು ಎಂದು ತೀರ್ಮಾನಿಸುವವರು ಆ ವಿದ್ಯೆಯನ್ನು ಎಲ್ಲಿ ಕಲಿತರು, ಯಾರಿಂದ ಕಲಿತರು ಎಂದು ನಾವು ಯಾವತ್ತಾದರೂ ಕೇಳಿದ್ದೇವಾ?

ಕೇಳಬೇಕಾದ ಕಾರಣ ನಮ್ಮ ಮನೆಯ ಜಗಲಿಯಲ್ಲೇ ಉಂಟು. ದಕ್ಷಿಣ ಕನ್ನಡದಲ್ಲಿ ಎಷ್ಟೋ ಉಮ್ಮಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು, ಹೆಣ್ಣುಮಕ್ಕಳ ಮದುವೆ ಮಾಡಿಸಿದರು. ಈ ಬೀಡಿಯ ಮೇಲೆ ಸರಕಾರದ ಕಣ್ಣು ಬೀಳಲಿಲ್ಲ ಎಂದು ಹೇಳುವ ಹಾಗಿಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನು ಬಂತು. 1976ರಲ್ಲಿ ಕಲ್ಯಾಣ ನಿಧಿ ಬಂತು. 2003ರಲ್ಲಿ ತಂಬಾಕು ನಿಯಂತ್ರಣದ ಕಾನೂನು, 2017ರಲ್ಲಿ ಶೇ. 28 ಜಿಎಸ್‌ಟಿ. ಆರೋಗ್ಯ ಇಲಾಖೆ ಹೇಳುವುದು ಸರಿ, ಕಾರ್ಮಿಕ ಇಲಾಖೆ ಹೇಳುವುದೂ ಸರಿ, ತೆರಿಗೆ ಇಲಾಖೆಗೆ ಅದರದ್ದೇ ಲೆಕ್ಕ. ಆದರೆ ಬೀಡಿ ಕಡಿಮೆಯಾದ ಮನೆಯ ಹೆಂಗಸು ನಾಳೆ ಎಂತ ಕೆಲಸ ಮಾಡಬೇಕು ಎಂಬ ಫೈಲು ಯಾರ ಮೇಜಿನ ಮೇಲೂ ಇಲ್ಲ. ಬೀಡಿ ಒಳ್ಳೆಯ ಕಸುಬು ಎಂದು ನಾವು ವಾದ ಮಾಡುತ್ತಿಲ್ಲ. ಕೆಮ್ಮು, ಬೆನ್ನುನೋವು, ಹೊಗೆಸೊಪ್ಪಿನ ಧೂಳು ನಮಗೆ ಗೊತ್ತಿಲ್ಲದ್ದಲ್ಲ. ಒಂದು ಕಸುಬು ಇಳಿಯುವಾಗ ಇನ್ನೊಂದನ್ನು ಏಳಿಸುವುದು ಹೇಗೆ ಎಂದು ಯೋಚಿಸುವ ವಿದ್ಯೆಗೇ ಅಭಿವೃದ್ಧಿ ಅರ್ಥಶಾಸ್ತ್ರ, ಕೈಗಾರಿಕಾ ನೀತಿ ಎಂದು ಹೆಸರು. ಹೆಸರು ದೊಡ್ಡದು, ಪ್ರಶ್ನೆ ಮಾತ್ರ ಹೊಟ್ಟೆಪಾಡಿನದ್ದು.

ಇದನ್ನು ಗಂಭೀರವಾಗಿ ಕಲಿತ ದೇಶ ದಕ್ಷಿಣ ಕೊರಿಯಾ. ಯುದ್ಧದಲ್ಲಿ ಸುಟ್ಟುಹೋದ ಬಡ ದೇಶ ಅದು. 1961ರಲ್ಲಿ ಅಲ್ಲಿ ಆರ್ಥಿಕ ಯೋಜನಾ ಮಂಡಳಿ ಆಯಿತು. 1971ರಲ್ಲಿ ಕೊರಿಯಾ ಅಭಿವೃದ್ಧಿ ಸಂಸ್ಥೆ ಎಂಬ ಅಧ್ಯಯನ ಕೇಂದ್ರವನ್ನೇ ಕಟ್ಟಿ, ಹೊರದೇಶದಲ್ಲಿ ಅರ್ಥಶಾಸ್ತ್ರ ಓದಿದ ತಮ್ಮ ಮಕ್ಕಳನ್ನು ವಾಪಸು ಕರೆಸಿಕೊಂಡರು. ರಫ್ತಿನ ಬಗ್ಗೆ ಪ್ರತಿ ತಿಂಗಳು ಸಭೆ, ಅಧ್ಯಕ್ಷರೇ ಅದರಲ್ಲಿ ಕೂರುತ್ತಿದ್ದರು. ಕಂಪೆನಿಗೆ ಕಡಿಮೆ ಬಡ್ಡಿಯ ಸಾಲ ಕೊಡುವಾಗ ಇಷ್ಟು ರಫ್ತು ಆಗಬೇಕು ಎಂಬ ಷರತ್ತು ಇರುತ್ತಿತ್ತು. ಕೂದಲಿನ ವಿಗ್, ಪ್ಲೈವುಡ್, ಬಟ್ಟೆ ಮಾರುತ್ತಿದ್ದ ದೇಶ ಉಕ್ಕು, ಹಡಗಿಗೆ ಹೋಯಿತು. ಇವತ್ತು ಬೇರೆ ಬೇರೆ ದೇಶಗಳ ಅಧಿಕಾರಿಗಳು ಆ ಸಂಸ್ಥೆಯ ಸ್ಕೂಲಿಗೆ ಬಂದು ಕಲಿತು ಹೋಗುತ್ತಾರೆ.

ಆದರೆ ಅದೇ ಕೊರಿಯಾದ ಇನ್ನೊಂದು ಮುಖವನ್ನು ಅಲ್ಲಿಗೆ ಹೋಗಿ ಕಲಿಯುವವರು ಮರೆಯಬಾರದು. ಸಿಯೋಲ್‌ನ ಪ್ಯೊಂಗ್‌ಹ್ವಾ ಮಾರ್ಕೆಟ್ಟಿನಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಅಟ್ಟಗಳಲ್ಲಿ, ಸಣ್ಣ ಹುಡುಗಿಯರು ದಿನಕ್ಕೆ 14 ಗಂಟೆ ಬಟ್ಟೆ ಹೊಲಿಯುತ್ತಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಜ್ಯೋನ್ ತೇ-ಇಲ್ ಎಂಬ ಯುವಕ ಕಾರ್ಮಿಕ ಕಾನೂನಿನ ಪುಸ್ತಕ ತಂದು ಓದಲು ಹೊರಟ. ಅದರ ತುಂಬ ಕಷ್ಟದ ಚೀನೀ ಅಕ್ಷರಗಳು. ಕಾಲೇಜು ಓದಿದ ಒಬ್ಬ ಗೆಳೆಯನಾದರೂ ಇದ್ದಿದ್ದರೆ ಎಂದು ಆಸೆಪಟ್ಟವ ಅವನು. ಅರ್ಜಿ ಕೊಟ್ಟ, ಯಾರೂ ಕೇಳಲಿಲ್ಲ. 1970ರ ನವೆಂಬರ್ 13ರಂದು ಪ್ರತಿಭಟನೆಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ತೀರಿಹೋದ. ವಯಸ್ಸು 22. ಆ ದಾರಿಯನ್ನು ನಾವು ಒಪ್ಪುವವರಲ್ಲ. ಆದರೆ ದೇಶದ ದೊಡ್ಡ ದೊಡ್ಡ ತಜ್ಞರು ಲೆಕ್ಕ ಹಾಕುತ್ತಿದ್ದ ಊರಿನಲ್ಲೇ ಆ ಅಟ್ಟದ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ.

ಹತ್ತಿರದ ಕಣ್ಣೂರಿಗೆ ಬರೋಣ. ಬೀಡಿ ಕಾನೂನು ಜಾರಿ ಮಾಡಲು ಕೇರಳ ಹೊರಟಾಗ ಖಾಸಗಿ ಕಂಪೆನಿಗಳು ಅಲ್ಲಿ ಬಾಗಿಲು ಹಾಕಿದವು. ಸುಮಾರು 12,000 ಜನ ಕೆಲಸ ಕಳೆದುಕೊಂಡರು. 1969ರಲ್ಲಿ ಸರಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಸರಕಾರದ ಅಧಿಕಾರಿಗಳ ಜೊತೆ ಬೀಡಿ ಕಟ್ಟುವವರ ಪ್ರತಿನಿಧಿಗಳೂ ಆಡಳಿತದಲ್ಲಿ ಕೂತರು. ಬೀಡಿ ಮಾರಾಟ ಬೀಳುತ್ತದೆ ಎಂದು ಕಂಡಾಗ 1990ರ ದಶಕದ ಕೊನೆಯಿಂದ ಆಹಾರ ಪದಾರ್ಥ, ಕೊಡೆ, ಮುಂದೆ ಸಿದ್ಧ ಉಡುಪಿನ ಕಡೆ ತಿರುಗಿದರು. ಎಲ್ಲರಿಗೂ ಹೊಸ ಕೆಲಸ ಸಿಗಲಿಲ್ಲ, ಅದೂ ನಿಜ. ಆದರೆ ಮುಂದೆ ಎಂತ ಎಂಬ ಪ್ರಶ್ನೆಯನ್ನು ಬೀಡಿ ಕಟ್ಟುವವರೂ ಕೂತಿದ್ದ ಕೋಣೆಯಲ್ಲೇ ಕೇಳಿದರು. ನಮ್ಮ ಜಿಲ್ಲೆಯಿಂದ ರೈಲಿನಲ್ಲಿ ಕೆಲವೇ ಗಂಟೆ ದಾರಿ ಅಷ್ಟೇ.

ನಮ್ಮ ರಾಜ್ಯದಲ್ಲಿ ವ್ಯವಸ್ಥೆಗೆ ಕೊರತೆಯಿಲ್ಲ. ಐಎಎಸ್ ಅಧಿಕಾರಿಗಳು ಮಸ್ಸೂರಿಯಲ್ಲಿ ಕಲಿತು ಬರುತ್ತಾರೆ. ಬೆಂಗಳೂರಿನಲ್ಲಿ ಡಾ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಉಂಟು. ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಇರುವುದು ಅಬ್ದುಲ್ ನಝೀರ್ ಸಾಬ್ ಅವರ ಹೆಸರು. ಹಳ್ಳಿಯ ಹಣೆಬರಹ ಹಳ್ಳಿಯವರೇ ಬರೆಯಲಿ ಎಂದು ಹಟ ಹಿಡಿದು 1983ರ ಕಾನೂನು ತಂದ ಮಂತ್ರಿ ಅವರು. ಆ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದಾಗ ಶೇ. 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು.

ಆದರೆ ತರಬೇತಿಯಲ್ಲಿ ಪಂಚಾಯತ್ ಸದಸ್ಯೆಗೆ ಸಿಗುವುದು ಯಾವ ಯೋಜನೆಗೆ ಯಾವ ಫಾರ್ಮು, ಸಭೆಗೆ ಕೋರಂ ಎಷ್ಟು ಎಂಬುದಾದರೆ ಸಾಕಾ? ನಮ್ಮ ಗ್ರಾಮದಲ್ಲಿ ಎಷ್ಟು ಮನೆ ಬೀಡಿಯಿಂದ ನಡೆಯುತ್ತದೆ, ಮೀನು, ಅಡಿಕೆ, ಗಲ್ಫಿನ ದುಡ್ಡು ಎಷ್ಟು ಬರುತ್ತದೆ, ಅದರಲ್ಲಿ ಊರಿನಲ್ಲಿ ಉಳಿದು ಕೆಲಸ ಹುಟ್ಟಿಸುವುದು ಎಷ್ಟು ಎಂದು ಲೆಕ್ಕ ಹಾಕಲು ಕಲಿಸಬೇಕು. ಮಸ್ಸೂರಿಯಿಂದ ಬಂದ ಹೊಸ ಅಧಿಕಾರಿಯನ್ನು ಒಂದು ವಾರ ಬೀಡಿ ಬ್ರಾಂಚಿನಲ್ಲಿ ಕೂರಿಸಲಿ. ತಂದ ಬೀಡಿಯಲ್ಲಿ ಎಷ್ಟು ತಿರಸ್ಕಾರವಾಗುತ್ತದೆ, ಅದರ ನಷ್ಟ ಯಾರ ತಲೆಗೆ ಎಂದು ಕಟ್ಟುವ ಹೆಂಗಸರೇ ಹೇಳಿಕೊಡಲಿ, ಆ ದಿನದ ಸಂಭಾವನೆ ಅವರಿಗೂ ಸಿಗಲಿ.

ಇನ್ನು ನಮ್ಮ ಮನೆಗಳ ಕಡೆಗೂ ಒಂದು ಮಾತು. ಪಿಯುಸಿ ಮುಗಿದ ಕೂಡಲೇ ಮೆಡಿಕಲ್, ಇಂಜಿನಿಯರಿಂಗ್, ಇಲ್ಲವಾದರೆ ಗಲ್ಫ್. ಅರ್ಥಶಾಸ್ತ್ರ ತೆಗೆದುಕೊಳ್ಳುತ್ತೇನೆ ಎಂದ ಹುಡುಗಿಗೆ "ಅದು ಓದಿ ಎಂತ ಮಾಡುವುದು?" ಎಂದು ಕೇಳುತ್ತೇವೆ. ಬೆಂಗಳೂರಿನಲ್ಲಿ ಸರಕಾರವೇ 2017ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ಆರಂಭಿಸಿದೆ. ಜಮಾಅತ್‌ಗಳ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಈ ಓದಿಗೂ ಒಂದೆರಡು ಸೀಟು ಇಡುವುದು ಕಷ್ಟದ ಕೆಲಸವಲ್ಲ. ಈ ಸಲದ ಅರ್ಜಿ ಕರೆಯುವ ಮೊದಲೇ ಕಮಿಟಿಯವರು ಕೂತು ಮಾತಾಡಬಹುದು.