ರಜೆಯ ಮಕ್ಕಳೂ ಕಾಡಿನ ಪಾಠವೂ

ಬೇಸಗೆಯ ರಜೆಯೆಂದರೆ ಅಜ್ಜಿಯ ಮನೆ ಎಂಬ ಕಾಲವೊಂದಿತ್ತು. ಈಗ ಅಜ್ಜಿಯರೂ ನಗರವಾಸಿಗಳಾಗಿದ್ದಾರೆ. ರಜೆಯ ಮಕ್ಕಳಿಗೆ ಶಿಬಿರಗಳು ಹುಟ್ಟಿಕೊಂಡಿವೆ. ಈಜಿಗೊಂದು, ನಾಟಕಕ್ಕೊಂದು, ಚಿತ್ರಕಲೆಗೊಂದು. ಕಾಡಿನ ಅಂಚಿನಲ್ಲಿ ನಾಲ್ಕಾರು ರಾತ್ರಿ ತಂಗಿ, ಗಿಡಮರ ಪ್ರಾಣಿಪಕ್ಷಿಗಳ ಪರಿಚಯ ಮಾಡಿಕೊಳ್ಳುವ ನಿಸರ್ಗ ಶಿಬಿರವೂ ಆ ಸಾಲಿಗೆ ಸೇರಿದೆ. ಇಂಥಲ್ಲಿಗೆ ಮಗುವನ್ನು ಕಳುಹಿಸುವ ಮುನ್ನ ಮನೆಯಲ್ಲಿ ಎರಡು ಪ್ರಶ್ನೆಗಳೇಳುತ್ತವೆ. “ಕೂಸು ಒಂದೇ ಮಲಗೀತೆ?” ಎಂಬುದು ತಾಯಿಯದು; “ಇಷ್ಟು ಹಣ ತೆತ್ತರೆ ಹುಲಿಯಾದರೂ ಕಂಡೀತೆ?” ಎಂಬುದು ತಂದೆಯದು. ಮೊದಲನೆಯದಕ್ಕೆ ಒಂದು ರಾತ್ರಿ ಕಳೆದರೆ ಉತ್ತರ ದೊರೆಯುತ್ತದೆ. ಎರಡನೆಯದನ್ನು ಕುರಿತು ಕೊಂಚ ವಿಚಾರ ಮಾಡಬೇಕಾಗಿದೆ.

ಚಿಕ್ಕಮಗಳೂರಿನ ಆಚೆ ಮುತ್ತೋಡಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದೆ. 1951ರಲ್ಲಿ ಜಾಗರ ಕಣಿವೆಯ ಹೆಸರಿನಿಂದ ರಕ್ಷಣೆ ಪಡೆದ ಅಲ್ಲಿಯ ಕಾಡು 1974ರಲ್ಲಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿ ಹುಲಿಯಿರುವುದು ನಿಜ. ಆದರೆ ಅದು ನಮ್ಮ ವೇಳಾಪಟ್ಟಿಯನ್ನು ನೋಡಿಕೊಂಡು ದರ್ಶನ ಕೊಡುವ ಪ್ರಾಣಿಯಲ್ಲ. ಬಹುಮಂದಿಗೆ ದೊರೆಯುವುದು ಕೆಸರಿನಲ್ಲಿ ಮೂಡಿದ ಹೆಜ್ಜೆಯ ಗುರುತು ಮಾತ್ರ. ಆ ಹೆಜ್ಜೆಯನ್ನು ಓದಲು ಕಲಿತ ಮಗು ಬರಿಗೈಯಲ್ಲಿ ಮರಳಿತೆನ್ನಲಾಗದು. ಅದರೊಡನೆ ಇನ್ನೊಂದು ಸಂಗತಿಯನ್ನೂ ಅದಕ್ಕೆ ತಿಳಿಸಬೇಕು: ಆ ಕಾಡು ನಿಶ್ಶಬ್ದವಾಗಿ ಉಳಿಯಲೆಂದು 2001-02ರ ಹೊತ್ತಿಗೆ ಅದರೊಳಗಿನ ಹಲವು ಹಳ್ಳಿಗಳ ಒಕ್ಕಲುಗಳು ಮನೆಮಠಗಳನ್ನು ತೊರೆದು ಹೊರಬಂದು ನೆಲೆಸಿದರು.

ಕಾಡನ್ನು ಉಳಿಸುವುದಕ್ಕೆ ಬೆಲೆಯುಂಟು; ಆ ಬೆಲೆಯನ್ನು ತೆರುವವರು ಬಹುಮಟ್ಟಿಗೆ ಹಳ್ಳಿಗರು. ಈ ಪಾಠಕ್ಕೆ ಅಭಯಾರಣ್ಯಕ್ಕಿಂತಲೂ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರು ತಕ್ಕ ಸ್ಥಳ. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ತಾಲ್ಲೂಕು ಅದು. ಅದರ ಮಲೆನಾಡಿನ ಭಾಗದಲ್ಲಿ ಕಾಫಿ ತೋಟವೆಲ್ಲಿ ಮುಗಿಯಿತು, ಕಾಡೆಲ್ಲಿ ಮೊದಲಾಯಿತು ಎಂದು ಹೇಳುವುದು ಮನುಷ್ಯರಿಗೇ ಕಷ್ಟ. ಆನೆಗೆ ಆ ಭೇದವೆಲ್ಲಿಯದು? ಹಗಲು ತೋಟದ ನೆರಳಿನಲ್ಲಿ ನಿಂತು, ಇರುಳಾದ ಮೇಲೆ ಅದು ಗದ್ದೆಗೂ ಬಾಳೆಗೂ ಇಳಿಯುತ್ತದೆ. ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕಾದ ಜೀವ ಅದು. ಒಂದು ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣುಗೂಡುವುದುಂಟು. ಒಮ್ಮೊಮ್ಮೆ ಪ್ರಾಣವೂ ಹೋಗುವುದುಂಟು.

ಪರಿಹಾರ ಹುಡುಕಲಿಲ್ಲವೆಂದಲ್ಲ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಆನೆಗಳ ಕಾರ್ಯಪಡೆ 2012ರಲ್ಲಿ ವರದಿಯೊಪ್ಪಿಸಿತು. ಅದರ ಬಳಿಕ ನೆರೆಯ ಆಲೂರು ಸಕಲೇಶಪುರಗಳ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಜಿಲ್ಲೆಯ ಸಂಕಟ ಅಲ್ಲಿಗೆ ತೀರಲಿಲ್ಲ. ಅನಂತರ ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿ ಬಂದಿತು. ಹಿಂಡು ಎಲ್ಲಿದೆಯೆಂಬ ಸುದ್ದಿ ಜನರ ಮೊಬೈಲಿಗೆ ಮುಟ್ಟತೊಡಗಿತು. ಹಿಂಡನ್ನು ನಡೆಸುವವಳು ಹಿರಿಯ ಹೆಣ್ಣಾನೆ, ಎಂದರೆ ಒಬ್ಬ ಅಜ್ಜಿ. ಅವಳ ನೆನಪಿನ ಹಾದಿಗೆ ಇಂದು ರಸ್ತೆ, ತೋಟ, ಶಾಲೆಗಳು ಅಡ್ಡ ಬಂದಿವೆ.

ಶಿಬಿರದ ಮಕ್ಕಳಿಗೆ ಹೇಳಬೇಕಾದ ಕಥೆ ಇದು. ಬೆಳಗ್ಗೆ ಹಕ್ಕಿಗಳನ್ನು ನೋಡಿದವರು ಮಧ್ಯಾಹ್ನ ಬಾಳೆ ಕಳೆದುಕೊಂಡ ರೈತನ ಜಗಲಿಯ ಮೇಲೆ ಕುಳಿತು ಅವನ ಮಾತನ್ನೂ ಕೇಳಲಿ. ಆನೆಯ ಭಯದಿಂದ ಹೊತ್ತೇರುವವರೆಗೆ ಕಾದು ಕೆಲಸಕ್ಕೆ ಹೊರಡುವ ಹೆಣ್ಣಾಳುಗಳನ್ನು ಮಾತನಾಡಿಸಲಿ. ತಮ್ಮ ಮನೆಯ ಲೋಟದ ಕಾಫಿ ಎಲ್ಲಿಂದ, ಯಾರ ಧೈರ್ಯದಿಂದ ಬರುತ್ತದೆಂಬುದು ಆಗ ತಿಳಿದೀತು. ಮಹಡಿಯ ಮನೆಯಲ್ಲಿದ್ದು ಆನೆಯನ್ನು ಪ್ರೀತಿಸುವುದು ಸುಲಭ. ಹಿತ್ತಿಲಿಗೆ ಆನೆ ಬಂದ ಮೇಲೂ ಅದು ಬದುಕಲಿ ಎನ್ನುವವನ ಪ್ರೀತಿ ದೊಡ್ಡದು. ಅಂಥವರು ಆ ಸೀಮೆಯಲ್ಲಿ ಇದ್ದಾರೆ.

ಮರಳುವ ದಾರಿಯಲ್ಲಿ ಹಳೇಬೀಡನ್ನು ಮರೆಯದಿರಲಿ. ಹೊಯ್ಸಳೇಶ್ವರನ ಗುಡಿಯ ಭಿತ್ತಿಯ ಕೆಳಗಿನ ಸಾಲನ್ನು ತುಂಬಿರುವುದು ಆನೆಗಳೇ. ಅಲ್ಲಿಯೇ ಹುಲಿಯನ್ನು ಇರಿಯುವ ಸಳನ ಲಾಂಛನವೂ ಕಾಣುತ್ತದೆ. ಸಳನ ಕಥೆ ನಡೆದುದೆನ್ನುವ ಅಂಗಡಿ ಗ್ರಾಮ ನೆರೆಯ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅಂದು ಹುಲಿಯನ್ನು ಹೊಯ್ದವನು ವೀರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹೊಯ್ದವನು ಅಪರಾಧಿ. ಈ ಬದಲಾವಣೆ ಏಕಾಯಿತೆಂದು ಮಗುವೇ ಕೇಳಿದರೆ ಶಿಬಿರದ ಶುಲ್ಕ ಸಂದಿತೆಂದೇ ತಿಳಿಯಬೇಕು.

ಆದುದರಿಂದ, ಮಗು ಹೆಗಲ ಚೀಲವನ್ನು ಇಳಿಸುವ ಮೊದಲೇ “ಹುಲಿ ಕಂಡೆಯಾ?” ಎಂದು ಕೇಳಬೇಡಿ. “ಆ ಊರಿನವರು ಆನೆಯ ವಿಷಯ ಏನೆನ್ನುತ್ತಾರೆ?” ಎಂದು ಕೇಳಿ ನೋಡಿ.