ಪೆಟ್ಟಿಗೆ ಖಾಲಿ ಇರಲಿ, ಮೊದಲು ಬಿಸಿಯನ್ನು ಅಳೆಯಿರಿ

ಮಕ್ಕಳೇ, ವಿಜ್ಞಾನ ಮೇಳಕ್ಕೆ ವರ್ಕಿಂಗ್ ಮಾಡೆಲ್ ಮಾಡುವ ಸಮಯ ಬಂತೆಂದರೆ ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಯನ್ನು ಯಾರಾದರೂ ತಂದೇ ತರುತ್ತಾರೆ. ಒಂದು ಥರ್ಮೊಕೋಲ್ ಡಬ್ಬ, ಒಂದು ಬಲ್ಬು, ಒಂದು ಥರ್ಮೋಸ್ಟಾಟ್, ಅಷ್ಟೇ. ಈಗೀಗ ಹಾವು, ಹಲ್ಲಿ, ಆಮೆಗಳನ್ನು ಇಂಥದೇ ಬಿಸಿಗೂಡಿನಲ್ಲಿ ಸಾಕುವ ವೀಡಿಯೋ ನೋಡಿ "ಟೀಚರ್, ನಾವೂ ಒಂದು ಮಾಡಬಹುದಾ?" ಎಂದು ಕೇಳುವವರಿದ್ದಾರೆ. ಖಂಡಿತ ಮಾಡಿ. ಆದರೆ ಒಳಗೆ ಪ್ರಾಣಿ ಬೇಡ. ಖಾಲಿ ಪೆಟ್ಟಿಗೆಯೇ ಒಳ್ಳೆಯ ಪ್ರಾಜೆಕ್ಟ್ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೇನೆ.

ಮೊದಲು ಕಾನೂನಿನ ಮಾತು. ಉಡ, ಹೆಬ್ಬಾವು, ನಾಗರಹಾವು, ನಕ್ಷತ್ರ ಆಮೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ತೋಟದಲ್ಲಿ ಸಿಕ್ಕಿತು ಅಂತ ಹಿಡಿದು ತಂದು ಸಾಕುವುದು ಅಪರಾಧ. ಕಾಸರಗೋಡಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ, ತಾಳವಾಡಿಯಲ್ಲಾಗಲಿ ಕಾನೂನು ಒಂದೇ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಮನೆಯಲ್ಲಿದ್ದರೆ ಅದನ್ನೂ ಸರ್ಕಾರದಲ್ಲಿ ನೋಂದಾಯಿಸಬೇಕು.

ಎರಡನೆಯದು ವಿಜ್ಞಾನದ ಮಾತು. ಸರೀಸೃಪಗಳನ್ನು 'ಶೀತರಕ್ತ ಪ್ರಾಣಿಗಳು' ಎಂದು ಕರೆಯುವ ರೂಢಿ ಉಂಟು. ಈ ಹೆಸರು ಕೇಳಿದವರಿಗೆ "ಪಾಪ, ಅದಕ್ಕೆ ಚಳಿ, ಬಿಸಿ ಕೊಟ್ಟರಾಯ್ತು" ಅನ್ನಿಸುತ್ತದೆ. ನಿಜವಾಗಿ ಅವುಗಳ ರಕ್ತ ಯಾವಾಗಲೂ ತಣ್ಣಗಿರುವುದಿಲ್ಲ. ಮೈ ಬಿಸಿ ಮಾಡಿಕೊಳ್ಳಲು ಅವು ಹೊರಗಿನ ಶಾಖವನ್ನು ಬಳಸುತ್ತವೆ, ಅಷ್ಟೇ. ಬೇಲಿಯ ಮೇಲಿನ ಓತಿಕ್ಯಾತವನ್ನು ಗಮನಿಸಿ. ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ಕೂರುತ್ತದೆ, ಬಿಸಿಲು ಏರಿದಾಗ ನೆರಳಿಗೆ ಸರಿಯುತ್ತದೆ. ಆ ಸರಿದಾಟವೇ ಅದರ ಥರ್ಮೋಸ್ಟಾಟ್.

ಮೊಟ್ಟೆಯ ಪೆಟ್ಟಿಗೆಗೂ ಸರೀಸೃಪದ ಪೆಟ್ಟಿಗೆಗೂ ವ್ಯತ್ಯಾಸ ಇರುವುದು ಇಲ್ಲೇ. ಕೋಳಿಮೊಟ್ಟೆಗೆ ಪೆಟ್ಟಿಗೆಯ ಎಲ್ಲ ಕಡೆ ಒಂದೇ ಸಮ, ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಬೇಕು. ಬಾಲ್ ಪೈಥಾನ್‌ಗೆ ಒಂದು ತುದಿಯಲ್ಲಿ 31-32 ಡಿಗ್ರಿ, ಇನ್ನೊಂದು ತುದಿಯಲ್ಲಿ 25-26 ಡಿಗ್ರಿ ಬೇಕು. ಆಸ್ಟ್ರೇಲಿಯಾದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಗೆ ಬಿಸಿಲು ಕಾಯಿಸುವ ಜಾಗ ಸುಮಾರು 40 ಡಿಗ್ರಿ ಇರಬೇಕು, ತಂಪಿನ ತುದಿ 25ರ ಹತ್ತಿರ. ತಂಪಿನ ತುದಿ ಇಲ್ಲದ ಪೆಟ್ಟಿಗೆ ಗೂಡಲ್ಲ, ಒಲೆ. ಆದ್ದರಿಂದ ಪೆಟ್ಟಿಗೆ ಉದ್ದವಾಗಿರಬೇಕು, ಶಾಖ ಒಂದೇ ತುದಿಯಲ್ಲಿರಬೇಕು, ಗಾಳಿಕಿಂಡಿ ಇರಬೇಕು, ಎರಡೂ ತುದಿಯಲ್ಲಿ ಒಂದೊಂದು ಥರ್ಮಾಮೀಟರ್ ಇರಬೇಕು. ನಡುವೆ ಒಂದು ಇಟ್ಟು "30 ಡಿಗ್ರಿ ಉಂಟು, ಸರಿ ಉಂಟು" ಎಂದರೆ ಏನೂ ತಿಳಿಯುವುದಿಲ್ಲ.

ಥರ್ಮೋಸ್ಟಾಟ್ ಇದೆಯಲ್ಲ, ಮತ್ತೇನು ಹೆದರಿಕೆ ಎಂದು ಕೇಳಬಹುದು. ಅದು ಕೆಟ್ಟರೆ? ಒಳಗಿನ ರಿಲೇ 'ಆನ್' ಆದಲ್ಲೇ ಅಂಟಿಕೊಂಡರೆ ಬಲ್ಬು ಆರುವುದೇ ಇಲ್ಲ. ಸೆನ್ಸರ್ ಜಾರಿ ಪೆಟ್ಟಿಗೆಯ ಹೊರಗೆ ಬಿದ್ದರೆ, ಒಳಗೆ ಇನ್ನೂ ತಂಪು ಅಂದುಕೊಂಡು ಅದು ಬಿಸಿ ಮಾಡುತ್ತಲೇ ಇರುತ್ತದೆ. ಹಾಗಾಗಿ ಥರ್ಮೋಸ್ಟಾಟ್ ಇಲ್ಲದೆಯೂ ಪೆಟ್ಟಿಗೆ ಎಷ್ಟು ಬಿಸಿಯಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ದೊಡ್ಡವರೊಬ್ಬರು ಹತ್ತಿರ ಇರುವಾಗ, ಖಾಲಿ ಪೆಟ್ಟಿಗೆಯಲ್ಲಿ ಬಲ್ಬನ್ನು ಬಿಡದೆ ಉರಿಸಿ, ಹತ್ತು ನಿಮಿಷಕ್ಕೊಮ್ಮೆ ಎರಡೂ ತುದಿಯ ಮತ್ತು ಕೋಣೆಯ ತಾಪಮಾನ ಬರೆದುಕೊಳ್ಳಿ. ಏರುವುದು ನಿಂತ ಮೇಲೆ, ಕೋಣೆಗಿಂತ ಎಷ್ಟು ಹೆಚ್ಚಾಯಿತು ಎಂದು ಕಳೆಯಿರಿ.

ಒಂದು ಲೆಕ್ಕ ನೋಡೋಣ. ಕೋಣೆ 24 ಡಿಗ್ರಿ ಇದ್ದಾಗ ತಂಪಿನ ತುದಿ 31, ಬಿಸಿ ತುದಿ 39 ಆಯಿತು ಎಂದಿಟ್ಟುಕೊಳ್ಳಿ. ಅಂದರೆ ಹೆಚ್ಚಳ 7 ಮತ್ತು 15. ಈ ಹೆಚ್ಚಳ ಯಾವ ಕೋಣೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಇದೇ ಪೆಟ್ಟಿಗೆಯನ್ನು ಮೇ ತಿಂಗಳಲ್ಲಿ ಸೊಲ್ಲಾಪುರದ 38 ಡಿಗ್ರಿಯ ಕೋಣೆಯಲ್ಲಿಟ್ಟರೆ ತಂಪಿನ ತುದಿಯೇ 45! ನಮ್ಮ ಕರಾವಳಿಯ ಸೆಕೆಗೆ, 33 ಡಿಗ್ರಿಯ ಕೋಣೆಯಲ್ಲಿ, ತಂಪಿನ ತುದಿ 40. ಹೆಚ್ಚಿನ ಹಾವುಗಳಿಗೆ ಮೈ ಇಷ್ಟು ಬಿಸಿಯಾದರೆ ಜೀವಕ್ಕೇ ಅಪಾಯ, ಓಡಿಹೋಗಲು ಜಾಗವೂ ಇಲ್ಲ. ಅದೇ ಊಟಿಯ ಚಳಿಗಾಲದ 12 ಡಿಗ್ರಿಯ ಕೋಣೆಯಲ್ಲಿ ಬಿಸಿ ತುದಿ 27 ದಾಟುವುದಿಲ್ಲ, ಅಲ್ಲಿ ಸಾಲದು. ಯಾವುದೋ ದೇಶದ ವೀಡಿಯೋದಲ್ಲಿ "100 ವ್ಯಾಟ್ ಹಾಕಿ" ಎಂದರೆ ಅದು ಅವರ ಕೋಣೆಯ ಲೆಕ್ಕ, ನಮ್ಮದಲ್ಲ. ನಮ್ಮ ಊರಿನ ಅತಿ ಬಿಸಿ ದಿನದಲ್ಲೂ ಅಪಾಯವಾಗದಷ್ಟು ಚಿಕ್ಕ ಬಲ್ಬನ್ನೇ ಆರಿಸಬೇಕು. ಕೆಲವು ಊರಿಗೆ, ಕೆಲವು ತಿಂಗಳಿಗೆ ಬಲ್ಬೇ ಬೇಡ ಎಂಬ ಉತ್ತರವೂ ಬರಬಹುದು. ಅದೂ ಸರಿಯಾದ ಉತ್ತರವೇ.

ಬೆಂಕಿಯ ವಿಷಯ ಮರೆಯಬೇಡಿ. ಥರ್ಮೊಕೋಲ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಉರಿಯುವ ತಂತಿಬಲ್ಬಿನ ಗಾಜು ಅದಕ್ಕಿಂತಲೂ ಬಿಸಿಯಾಗಬಲ್ಲದು. ಆದ್ದರಿಂದ ಬಲ್ಬಿನ ಸುತ್ತ ಥರ್ಮೊಕೋಲ್, ಕಾಗದ, ಬಟ್ಟೆ, ಒಣಹುಲ್ಲು ಬೇಡ. ಪ್ಲಾಸ್ಟಿಕ್ ಹೋಲ್ಡರ್ ಬದಲು ಪಿಂಗಾಣಿ ಹೋಲ್ಡರ್ ಹಾಕಿ. ಬಲ್ಬಿಗೆ ತಂತಿಬಲೆಯ ಗೂಡು ಬೇಕು. ಹಾವು ಬಿಸಿ ಬಲ್ಬಿಗೆ ಸುತ್ತಿಕೊಂಡರೆ, ಬಿಸಿ ಕಲ್ಲಿನ ಮೇಲೆ ಮಲಗಿಯೇ ಇದ್ದರೆ ಮೈ ಸುಡುತ್ತದೆ. ಹೊಟ್ಟೆಯಡಿಯ ಸುಡುಬಿಸಿಗೆ ಅವು ಬೇಗ ಸರಿಯುವುದಿಲ್ಲ. ಸೆನ್ಸರನ್ನು ಬಿಸಿ ತುದಿಯಲ್ಲಿ ಅಲುಗಾಡದಂತೆ ಕಟ್ಟಿ. 230 ವೋಲ್ಟಿನ ವೈರಿಂಗ್ ನೀವೇ ಮಾಡಬೇಡಿ, ಕೆಲಸ ಗೊತ್ತಿದ್ದವರಿಂದಲೇ ಮಾಡಿಸಿ. ಶಾಕ್ ಹೊಡೆದಾಗ ಕರೆಂಟು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರುವ ಲೈನಿಗೇ ಜೋಡಿಸಿ.

"ಪ್ರಾಣಿಯೇ ಇಲ್ಲದಿದ್ದರೆ ಮೇಳದಲ್ಲಿ ಯಾರು ನೋಡ್ತಾರೆ?" ಎಂಬ ಪ್ರಶ್ನೆ ನನಗೆ ಗೊತ್ತು. ಜನ ಹಾವು ನೋಡಲು ಗುಂಪು ಕಟ್ಟುತ್ತಾರೆ, ನಿಜ. ಆದರೆ ಅವರು ನೋಡುವುದು ಹಾವನ್ನು, ನಿಮ್ಮ ವಿಜ್ಞಾನವನ್ನಲ್ಲ. ಪ್ರಾಣಿಯ ಬದಲು 250 ಮಿಲಿಲೀಟರ್ ನೀರಿನ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಒಮ್ಮೆ ಬಿಸಿ ತುದಿಯಲ್ಲಿ, ಒಮ್ಮೆ ತಂಪಿನ ತುದಿಯಲ್ಲಿ ಇಡಿ. ಗಾಳಿ ಬೇಗ ಬಿಸಿಯಾಗುತ್ತದೆ, ನೀರು ನಿಧಾನ. ಎರಡು ಗೆರೆಯ ಗ್ರಾಫ್ ಬಿಡಿಸಿದರೆ ಶಾಖ, ತಾಪಮಾನ, ವಿಶಿಷ್ಟೋಷ್ಣ ಎಲ್ಲ ಅದರಲ್ಲೇ ಉಂಟು. ಬಾಟಲಿಗೆ ನೋವಾಗುವುದಿಲ್ಲ, ತಪ್ಪಾದರೆ ಮತ್ತೆ ಮಾಡಬಹುದು.

ಮನೆಯಲ್ಲಿ ಯಾರಾದರೂ ನೋಂದಾಯಿಸಿದ ವಿದೇಶಿ ಸರೀಸೃಪ ಸಾಕುತ್ತಿದ್ದರೆ ಈ ಪರೀಕ್ಷೆಯನ್ನು ಅವರ ಪೆಟ್ಟಿಗೆಗೂ ಮಾಡಿಸಿ, ಮೂರು ದಿನದ ರೀಡಿಂಗ್ ಸರಿ ಬಂದ ಮೇಲೆಯೇ ಪ್ರಾಣಿ ಒಳಗೆ ಹೋಗಲಿ. ಉಳಿದವರು ಒಂದೇ ಅಳತೆಯ ಪೆಟ್ಟಿಗೆ, ಒಂದೇ ವ್ಯಾಟಿನ ಬಲ್ಬು ಇಟ್ಟುಕೊಂಡು ಬೇರೆ ಬೇರೆ ಊರುಗಳಲ್ಲಿ ಅಳೆಯಿರಿ. ಸುಲ್ತಾನ್ ಬತ್ತೇರಿ, ಆದೋನಿ, ಅಕ್ಕಲಕೋಟೆ, ಹೊಸೂರು, ಮಂಜೇಶ್ವರದ ಅಂಕಿಗಳು ಒಂದೇ ಕೋಷ್ಟಕದಲ್ಲಿ ಬಂದರೆ ಗಡಿಯಾಚೆಯ ಕನ್ನಡ ಶಾಲೆಗಳ ನಾವೆಲ್ಲ ಸೇರಿಯೇ ಮಾಡಬಹುದಾದ ಪ್ರಯೋಗ ಅದು. ನಿಮ್ಮ ರೀಡಿಂಗ್‌ಗಳನ್ನು ವಿಜ್ಞಾನ ಅಧ್ಯಾಪಕರ ಕೈಯಲ್ಲಿ ಕೊಟ್ಟು ಕಳುಹಿಸಿ. ಕೋಣೆಯ ತಾಪಮಾನ ಬರೆಯಲು ಮಾತ್ರ ಮರೆಯಬೇಡಿ.